ಮದುವೆಯೆಂಬ ವಲಸೆ

ನಮ್ಮ ದೇಶದಲ್ಲಿ ಅತಿ ಹೆಚ್ಚು ಜನ ಊರು ಬಿಡುವುದು ಕೆಲಸ ಹುಡುಕಿಕೊಂಡಲ್ಲ, ಮದುವೆಯಾಗಿ. ಕೇಂದ್ರ ಸರ್ಕಾರದ 2020-21ರ ವಲಸೆ ಸಮೀಕ್ಷೆಯ ಪ್ರಕಾರ ಭಾರತದ ಹೆಂಗಸರಲ್ಲಿ ಶೇ 47.9ರಷ್ಟು ಮಂದಿ ಬೇರೆ ಊರಿನಿಂದ ಬಂದು ನೆಲೆಸಿದವರು. ಗಂಡಸರಲ್ಲಿ ಈ ಪ್ರಮಾಣ ಶೇ 10.7. ಹಾಗೆ ಬಂದ ಹೆಂಗಸರಲ್ಲಿ ಶೇ 86.8 ಮಂದಿ ಹೇಳಿದ ಕಾರಣ ಒಂದೇ: ಮದುವೆ. ರಾಯಚೂರಿನ ಕಡೆಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದ ಗಂಡಸನ್ನು ವಲಸೆಗಾರ ಎಂದು ಎಲ್ಲರೂ ಗುರುತಿಸುತ್ತಾರೆ. ಅವನು ಸಾಮಾನ್ಯವಾಗಿ ತನ್ನ ಊರಿನವರ ಗುಂಪಿನಲ್ಲೇ ಇರುತ್ತಾನೆ, ದುಡಿದದ್ದು ಅವನ ಕೈಗೇ ಬರುತ್ತದೆ, ಹಬ್ಬಕ್ಕೆ ಊರಿಗೆ ಹೋಗುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಅವನಿಗೆ ಊರು ನೆನಪಾಗಿ ಬೇಸರ ಬಂದರೆ ಅದು ಸಹಜ ಎನ್ನುತ್ತೇವೆ. ಮದುವೆಯಾಗಿ ಬಂದವಳಿಗೆ ಈ ಯಾವುದೂ ಖಾತ್ರಿಯಿಲ್ಲ. ಆದರೂ ಅವಳನ್ನು ನಾವು ವಲಸೆ ಬಂದವಳು ಎಂದು ಎಣಿಸುವುದೇ ಇಲ್ಲ. ಸೇರಕ್ಕಿ ಒದೆಸಿ ಮನೆ ತುಂಬಿಸಿಕೊಂಡಾಯಿತು, ಇನ್ನು ಬೇಸರಕ್ಕೆ ಏನು ಕಾರಣ ಎಂಬುದು ನಮ್ಮ ಧೋರಣೆ.

ಮದುವೆಯ ನಂತರ ಹೆಣ್ಣಿನ ಮನಸ್ಸು ಕುಗ್ಗುವುದನ್ನು ನಾವು ಎರಡೇ ರೀತಿಯಲ್ಲಿ ವಿವರಿಸುತ್ತ ಬಂದಿದ್ದೇವೆ. ಒಂದೋ ಗಂಡನೋ ಅತ್ತೆಯೋ ಕೆಟ್ಟವರು, ಇಲ್ಲವೇ ಹುಡುಗಿಗೆ ತಾಳ್ಮೆಯಿಲ್ಲ. ಧಾರಾವಾಹಿಗಳು ಮೊದಲನೆಯದನ್ನು ನಂಬಿ ನಡೆಯುತ್ತವೆ, ಮನೆಯ ಹಿರಿಯರು ಎರಡನೆಯದನ್ನು. ನನಗೆ ಎರಡೂ ಅರೆಬರೆ ವಿವರಣೆಗಳಾಗಿ ಕಾಣುತ್ತವೆ. ಕಳೆದ 2 ದಶಕಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಕಾಣುವುದು ಬೇರೆ. ಒಳ್ಳೆಯವರೇ ತುಂಬಿರುವ ಮನೆಯಲ್ಲೂ ಹೊಸ ಸೊಸೆಯ ಸ್ಥಾನವೇ ಮನಸ್ಸಿಗೆ ಅಪಾಯದ ಸ್ಥಾನ. ಮಾತಾಡುವ ಜನ, ಕೈಯಲ್ಲಿ ಕಾಸು, ಹೊರಗೆ ಹೋಗಿಬರುವ ಸ್ವಾತಂತ್ರ್ಯ, ತನ್ನದೆನ್ನುವ ಹೊತ್ತು, ಎಲ್ಲವೂ ಒಂದೇ ದಿನ ಕೈಬಿಡುತ್ತವೆ. ಹಾಗೆ ಬರಿದಾದವಳಿಗೆ ‘ಹೊಂದಿಕೊಂಡು ಹೋಗಮ್ಮ’ ಎನ್ನುವುದು ಪರಿಹಾರವಲ್ಲ. ಆಕೆ ಈಗಾಗಲೇ ಮಾಡುತ್ತಿರುವುದೂ, ಮಾಡಿ ದಣಿದಿರುವುದೂ ಅದನ್ನೇ.

ಮೊದಲು ಅಂಕಿಗಳ ವಿಚಾರ, ಏಕೆಂದರೆ ಇಲ್ಲಿ ಎಡವುವುದು ಸುಲಭ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2021ರಲ್ಲಿ ಆತ್ಮಹತ್ಯೆಯಿಂದ ಸತ್ತ ಹೆಂಗಸರು 45,026. ಅವರಲ್ಲಿ ಗೃಹಿಣಿಯರು 23,178, ಎಂದರೆ ಅರ್ಧಕ್ಕಿಂತ ಹೆಚ್ಚು. ಪತ್ರಿಕೆಗಳಲ್ಲಿ ಪ್ರತಿವರ್ಷ ದೊಡ್ಡ ಅಕ್ಷರದಲ್ಲಿ ಬರುವುದು ಈ ಅಂಕಿಯೇ. ಆದರೆ ನಮ್ಮಲ್ಲಿ ವಯಸ್ಕ ಹೆಂಗಸರಲ್ಲಿ ಬಹುಪಾಲು ಗೃಹಿಣಿಯರೇ ಆಗಿರುವಾಗ ಅವರ ಸಂಖ್ಯೆ ದೊಡ್ಡದಿರುವುದು ಅಚ್ಚರಿಯಲ್ಲ. ಅದೊಂದರಿಂದ ಹೆಚ್ಚೇನೂ ಸಾಬೀತಾಗುವುದಿಲ್ಲ. ಇದಕ್ಕಿಂತ ಕಣ್ಣು ತೆರೆಸುವುದು 2018ರಲ್ಲಿ ‘ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್’ ಪತ್ರಿಕೆಯಲ್ಲಿ ಬಂದ ಅಧ್ಯಯನ. ಜಗತ್ತಿನ ಜನಸಂಖ್ಯೆಯಲ್ಲಿ ಭಾರತದ ಪಾಲು ಸುಮಾರು ಶೇ 18. ಆದರೆ 2016ರಲ್ಲಿ ಜಗತ್ತಿನಾದ್ಯಂತ ಆತ್ಮಹತ್ಯೆಯಿಂದ ಸತ್ತ ಹೆಂಗಸರಲ್ಲಿ ಶೇ 36.6 ಮಂದಿ ಭಾರತೀಯರು. 1990ರಲ್ಲಿ ಈ ಪಾಲು ಶೇ 25.3 ಇತ್ತು. ಸತ್ತವರಲ್ಲಿ ಹೆಚ್ಚಿನವರು ಮದುವೆಯಾದವರು. ಮದುವೆ ಆತ್ಮಹತ್ಯೆಯಿಂದ ಕಾಪಾಡುತ್ತದೆ ಎಂಬುದು ಪಶ್ಚಿಮದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡುಬಂದ ಮಾತು. ಭಾರತದ ಹೆಣ್ಣಿಗೆ ಆ ರಕ್ಷಣೆ ಅಷ್ಟಾಗಿ ದಕ್ಕಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದನ್ನು ತಳ್ಳಿಹಾಕುವಂತಿಲ್ಲ. ಆತ್ಮಹತ್ಯೆಯಿಂದ ಸಾಯುವವರಲ್ಲಿ ಗಂಡಸರೇ ಹೆಚ್ಚಲ್ಲವೇ? ಹೌದು. ಅದೇ 2021ರಲ್ಲಿ ಸತ್ತ ಗಂಡಸರ ಸಂಖ್ಯೆ 1,18,979. ಬೆಂಗಳೂರಿನ ನಿಮ್ಹಾನ್ಸ್ ಮುಂದೆ ನಿಂತು ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲೂ ಗಂಡಸರಲ್ಲಿ ಮಾನಸಿಕ ಕಾಯಿಲೆಗಳ ಪ್ರಮಾಣ ಶೇ 13.9, ಹೆಂಗಸರಲ್ಲಿ ಶೇ 7.5. ಗಂಡಸರ ಸಂಕಟ ಸುಳ್ಳಲ್ಲ, ಅದು ಬೇರೆಯೇ ಲೇಖನ ಬೇಡುವ ವಿಷಯ. ಆದರೆ ಆ ಶೇ 13.9ರ ಒಳಗೆ ಕುಡಿತದ ಪಾಲು ದೊಡ್ಡದು. ಖಿನ್ನತೆ ಮತ್ತು ಆತಂಕದ ಕಾಯಿಲೆಗಳನ್ನೇ ಬೇರೆ ಮಾಡಿ ನೋಡಿದರೆ ಹೆಂಗಸರ ಪ್ರಮಾಣವೇ ಮೇಲೆ. ಹಾಗಾಗಿ ಎರಡು ಅಂಕಿಗಳು ಹೇಳುವುದು ಎರಡು ಬೇರೆ ಕತೆಗಳನ್ನು, ಅದೂ ಒಂದೇ ಮನೆಯೊಳಗಿನ ಕತೆಗಳನ್ನು. ಅವನ ಕುಡಿತ ಅವಳ ಖಿನ್ನತೆಗೆ ಕಾರಣವಾಗುವುದು ಎಷ್ಟು ಸಾಮಾನ್ಯವೆಂಬುದು ಮದ್ಯದಂಗಡಿ ಇರುವ ಯಾವ ಊರಿನವರಿಗೂ ಹೊಸತಲ್ಲ.

ಹೆಂಗಸರ ಖಿನ್ನತೆ ಎಣಿಕೆಗೆ ಸಿಗದೆ ಹೋಗುವುದಕ್ಕೆ ಇನ್ನೊಂದು ಕಾರಣವಿದೆ. ಅದು ಖಿನ್ನತೆಯ ಹೆಸರಿನಲ್ಲಿ ಬರುವುದಿಲ್ಲ. ‘ಮನಸ್ಸಿಗೆ ಬೇಜಾರು’ ಎಂದು ಆಸ್ಪತ್ರೆಗೆ ಹೋಗಲು ಸೊಸೆಗೆ ಅನುಮತಿ ಸಿಗುವುದು ಕಷ್ಟ. ಸೊಂಟನೋವು, ತಲೆಸುತ್ತು, ಸುಸ್ತು, ಗ್ಯಾಸ್ಟ್ರಿಕ್ ಎಂದರೆ ಸಿಗುತ್ತದೆ. ಗೋವಾದಲ್ಲಿ ಮನೋವೈದ್ಯ ವಿಕ್ರಂ ಪಟೇಲ್ ಮತ್ತು ಸಂಗಡಿಗರು ಬಿಳಿ ಮುಟ್ಟಿನ ತೊಂದರೆ ಹೇಳಿಕೊಂಡ ಹೆಂಗಸರನ್ನು ಸಮುದಾಯ ಮಟ್ಟದಲ್ಲಿ ಪರೀಕ್ಷಿಸಿದಾಗ, ಆ ದೂರು ಸೋಂಕಿಗಿಂತ ಹೆಚ್ಚಾಗಿ ಖಿನ್ನತೆ, ಆತಂಕ ಮತ್ತು ಮನೆಯೊಳಗಿನ ಕಷ್ಟಗಳ ಜೊತೆ ಹೆಣೆದುಕೊಂಡಿರುವುದು ಕಂಡಿತು. ಬಂದ ದೂರಿಗೆ ತಕ್ಕ ಔಷಧ ಬರೆದುಕೊಟ್ಟರೆ ವೈದ್ಯರ ಕೆಲಸ ಮುಗಿಯಿತು, ಹೆಂಗಸಿನ ಕಾಯಿಲೆ ಮುಗಿಯಲಿಲ್ಲ. ನಮ್ಮ ಜಿಲ್ಲಾ ಪುಟಗಳಲ್ಲಿ ‘ಹೊಟ್ಟೆನೋವು ತಾಳಲಾರದೆ ಗೃಹಿಣಿ ಆತ್ಮಹತ್ಯೆ’ ಎಂಬ ಒಂದು ಕಾಲಂ ಸುದ್ದಿಯನ್ನು ಓದದವರು ಯಾರು? ಪೊಲೀಸ್ ದೂರಿನ ಒಕ್ಕಣೆ ಅದು. ನಿಜವಾಗಿಯೂ ಹೊಟ್ಟೆ ನೋಯುತ್ತಿದ್ದವರೂ ಇರಬಹುದು. ಆದರೆ ಅಷ್ಟೊಂದು ಹೊಟ್ಟೆಗಳು ಒಂದೇ ವಯಸ್ಸಿನಲ್ಲಿ, ಒಂದೇ ಸ್ಥಾನದಲ್ಲಿರುವವರಿಗೆ ಏಕೆ ನೋಯುತ್ತವೆ ಎಂದು ನಾವು ಕೇಳಿಕೊಂಡಿಲ್ಲ.

ಹೊಸ ಸೊಸೆಯ ಒಂಟಿತನ ಎಷ್ಟು ಆಳ ಎಂಬುದನ್ನು ಎಣಿಸಿ ತೋರಿಸಿದ ಅಧ್ಯಯನವೊಂದು ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯದು. 2018ರಲ್ಲಿ ಅಲ್ಲಿನ 18ರಿಂದ 30 ವರ್ಷದ ವಿವಾಹಿತೆಯರನ್ನು ಅರ್ಥಶಾಸ್ತ್ರಜ್ಞರ ತಂಡ ಮಾತಾಡಿಸಿತು. ಗಂಡ ಮತ್ತು ಅತ್ತೆಯನ್ನು ಬಿಟ್ಟರೆ ಆ ಇಡೀ ಜಿಲ್ಲೆಯಲ್ಲಿ ಮನಸ್ಸು ಬಿಚ್ಚಿ ಮಾತಾಡಲು ಆಪ್ತರು ಯಾರೂ ಇಲ್ಲ ಎಂದವರು ಶೇ 36. ಎಲ್ಲಿಯೂ ಇಲ್ಲ ಎಂದವರು ಶೇ 22. ಒಬ್ಬಳೇ ಆಸ್ಪತ್ರೆಗೆ ಹೋಗಲು ಬಿಡುತ್ತಾರೆ ಎಂದವರು ಶೇ 14 ಮಾತ್ರ. ಅತ್ತೆಯ ಜೊತೆ ಒಂದೇ ಮನೆಯಲ್ಲಿರುವವರಿಗೆ ಊರಿನಲ್ಲಿ ಗೆಳತಿಯರು ಇನ್ನೂ ಕಡಿಮೆ. ಇಲ್ಲಿ ಹೊಡೆತ ಬಡಿತದ ಮಾತೇ ಇಲ್ಲ ಎಂಬುದನ್ನು ಗಮನಿಸಬೇಕು. ಯಾರೂ ಕೈ ಎತ್ತದ, ಊಟ ಬಟ್ಟೆಗೆ ಕೊರತೆಯಿಲ್ಲದ ಮನೆಯಲ್ಲೂ ದಿನಕ್ಕೊಂದು ಮಾತು ಹೇಳಿಕೊಳ್ಳಲು ಜನವಿಲ್ಲದ ಬದುಕು ಮನಸ್ಸನ್ನು ತಿನ್ನುತ್ತದೆ.

ಅದು ಉತ್ತರದ ಮಾತು, ನಮ್ಮಲ್ಲಿ ಹಾಗಿಲ್ಲ ಎಂದು ಕನ್ನಡದ ಓದುಗರಿಗೆ ಅನ್ನಿಸಬಹುದು. ಅದರಲ್ಲಿ ನಿಜವಿದೆ. ಸಂಶೋಧಕರಾದ ಟಿಮ್ ಡೈಸನ್ ಮತ್ತು ಮಿಕ್ ಮೂರ್ 1983ರಷ್ಟು ಹಿಂದೆಯೇ ಈ ವ್ಯತ್ಯಾಸವನ್ನು ಎತ್ತಿ ತೋರಿಸಿದ್ದರು. ಉತ್ತರದಲ್ಲಿ ಹೆಣ್ಣನ್ನು ದೂರದ, ನಂಟಿಲ್ಲದ ಊರಿಗೆ ಕೊಡುತ್ತಾರೆ. ದಕ್ಷಿಣದಲ್ಲಿ ಸೋದರಮಾವ, ಅತ್ತೆಯ ಮಗ ಎಂದು ನಂಟಿನೊಳಗೇ, ಹತ್ತಿರದಲ್ಲೇ ಕೊಡುವ ರೂಢಿ. ಇದರಿಂದ ತವರಿನ ನಂಟು ಕಡಿಯುವುದಿಲ್ಲ, ಹೆಣ್ಣಿನ ಮಾತಿಗೆ ಒಂದಿಷ್ಟು ಬೆಲೆ ಉಳಿಯುತ್ತದೆ. ರಕ್ತಸಂಬಂಧದ ಮದುವೆಯಿಂದ ಮಕ್ಕಳ ಆರೋಗ್ಯಕ್ಕಾಗುವ ತೊಂದರೆ ಬೇರೆ ಮಾತು. ಚೊಚ್ಚಲ ಹೆರಿಗೆಗೆ ತವರಿಗೆ ಕರೆತಂದು ಬಾಣಂತನ ಮಾಡುವ ಪದ್ಧತಿಯನ್ನೂ ಇಲ್ಲೇ ನೆನೆಯಬೇಕು. ಎಣ್ಣೆನೀರು, ಪಥ್ಯಗಳ ಹಿಂದೆ ಇದ್ದದ್ದು, ಹೆಣ್ಣು ಅತ್ಯಂತ ಬಳಲಿದ ತಿಂಗಳುಗಳಲ್ಲಿ ಅವಳನ್ನು ಸೊಸೆಯ ಸ್ಥಾನದಿಂದ ಬಿಡಿಸಿ ಮಗಳ ಸ್ಥಾನಕ್ಕೆ ತಂದು ಕೂರಿಸುವ ಏರ್ಪಾಡು. ಅದನ್ನು ಹಳೆಯ ಕಾಲದ್ದು ಎಂದು ಹಗುರವಾಗಿ ಬಿಡುವುದು ಜಾಣತನವಲ್ಲ.

ಆದರೆ ಹತ್ತಿರ ಇದ್ದ ಮಾತ್ರಕ್ಕೆ ತವರು ಕಿವಿಗೊಡುತ್ತದೆಯೇ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದೇವೆ ಎಂದ ಹೆಂಗಸರ ಪ್ರಮಾಣ ಇಡೀ ದೇಶದಲ್ಲಿ ಶೇ 29.3. ಕರ್ನಾಟಕದಲ್ಲಿ ಶೇ 44.4, ದೇಶದಲ್ಲೇ ಅತಿ ಹೆಚ್ಚು. ಹಿಂದಿನ ಸಮೀಕ್ಷೆಯಲ್ಲಿ ರಾಜ್ಯದ ಪ್ರಮಾಣ ಶೇ 20ರ ಆಸುಪಾಸಿನಲ್ಲಿತ್ತು. ಹಿಂಸೆಯೇ ಇಮ್ಮಡಿಯಾಯಿತೋ, ಹೇಳಿಕೊಳ್ಳುವ ಧೈರ್ಯ ಹೆಚ್ಚಿತೋ, ಸಮೀಕ್ಷೆ ನಡೆದ ಬಗೆಯಲ್ಲಿ ವ್ಯತ್ಯಾಸವಿತ್ತೋ ಎಂದು ವಾದಿಸಬಹುದು. ದಕ್ಷಿಣದ ಹೆಣ್ಣು ಸುರಕ್ಷಿತಳು ಎಂದು ಮಾತ್ರ ವಾದಿಸಲಾಗದು. ಇದೇ ಸಮೀಕ್ಷೆ ಇಡೀ ದೇಶಕ್ಕೆ ಕೊಟ್ಟ ಇನ್ನೊಂದು ಅಂಕಿ ಹೆಚ್ಚು ಕಾಡುತ್ತದೆ: ಹಿಂಸೆ ಅನುಭವಿಸಿದವರಲ್ಲಿ ಶೇ 77 ಮಂದಿ ನೆರವು ಕೇಳಿರಲಿಲ್ಲ, ಯಾರಿಗೂ ಹೇಳಿಯೂ ಇರಲಿಲ್ಲ. ನಮ್ಮ ಜನಪದರಿಗೆ ಇದು ಗೊತ್ತಿತ್ತು. ‘ಕೆರೆಗೆ ಹಾರ’ದ ಭಾಗೀರಥಿ ಸಾಯುವ ಮುನ್ನ ತವರಿಗೆ ಹೋಗುತ್ತಾಳೆ, ಆದರೆ ಹೆತ್ತವರಿಗೆ ನಿಜ ಹೇಳುವುದಿಲ್ಲ, ಬೇರೊಂದು ನೆಪ ಹೇಳುತ್ತಾಳೆ. ನಿಜ ಹೇಳುವುದು ಗೆಳತಿಯೊಬ್ಬಳಿಗೆ ಮಾತ್ರ. ಆ ಗೆಳತಿಯೂ ತಲೆಬಾಗುವ ಬುದ್ಧಿಯನ್ನೇ ಹೇಳಿ ಕಳಿಸುತ್ತಾಳೆ. ಆ ಕಥನಗೀತೆಯನ್ನು ನಾವು ತ್ಯಾಗದ ಕತೆಯೆಂದು ಶಾಲೆಯಲ್ಲಿ ಓದಿಸುತ್ತೇವೆ. ಒಬ್ಬ ಹೆಣ್ಣು ಎಷ್ಟು ಬಾಗಿಲು ತಟ್ಟಿದಳು, ಎಷ್ಟು ಬಾಗಿಲು ತೆರೆಯಲಿಲ್ಲ ಎಂಬ ಲೆಕ್ಕವಾಗಿಯೂ ಅದನ್ನು ಓದಬಹುದು.

ಹೊತ್ತು ಮತ್ತು ಹಣದ ಲೆಕ್ಕ ಇದಕ್ಕಿಂತ ನೇರ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದಕ್ಕೆ ಕೊಡುತ್ತಿದ್ದರು, ಗಂಡಸರು 97 ನಿಮಿಷ; ಅದೂ ಮನೆಗೆಲಸಕ್ಕೆ ಕೈಹಾಕಿದ ಗಂಡಸರೇ ನಾಲ್ವರಲ್ಲಿ ಒಬ್ಬನಷ್ಟು. 2024ರಲ್ಲಿ ಮತ್ತೆ ಅಳೆದಾಗ ಹೆಂಗಸರದು 289 ನಿಮಿಷಕ್ಕೆ ಇಳಿದಿತ್ತು. 5 ವರ್ಷದಲ್ಲಿ 10 ನಿಮಿಷ. ತಮಾಷೆಯೆಂದರೆ ಗಂಡಸರದ್ದೂ 88ಕ್ಕೆ ಇಳಿದಿತ್ತು, ಮಿಕ್ಸಿ ವಾಷಿಂಗ್ ಮೆಷಿನ್‌ಗಳ ಫಲ ಇಬ್ಬರಿಗೂ ಸಮನಾಗಿ ಸಿಕ್ಕಿತೇನೋ. ಹಣದ ಮಾತಿಗೆ ಬಂದರೆ, 2023ರಲ್ಲಿ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಅತ್ತೆಗೋ ಸೊಸೆಗೋ ಎಂಬ ಚರ್ಚೆ ರಾಜ್ಯದ ಜಗಲಿಕಟ್ಟೆಗಳಲ್ಲೆಲ್ಲ ನಡೆಯಿತು. ಮನೆಯ ಯಜಮಾನಿಗೆ ಎಂದು ಸರ್ಕಾರ ತೀರ್ಮಾನಿಸಿದ್ದರಿಂದ, ಕೂಡು ಕುಟುಂಬದಲ್ಲಿ ಅದು ಸಹಜವಾಗಿ ಅತ್ತೆಯ ಖಾತೆಗೆ ಹೋಯಿತು. ಅತ್ತೆಯ ಕೈಗೂ ಅದುವರೆಗೆ ಅಷ್ಟು ಹಣ ನಿಯಮಿತವಾಗಿ ಬಂದಿರಲಿಲ್ಲವಾದ್ದರಿಂದ ಯೋಜನೆಯನ್ನು ದೂರಲಾರೆ. ಆದರೆ ಮನೆಯೊಳಗೆ ಹಣ ಇಳಿಯುವುದು ಮೆಟ್ಟಿಲ ಕ್ರಮದಲ್ಲಿ, ಕೊನೆಯ ಮೆಟ್ಟಿಲಲ್ಲಿ ನಿಂತಿರುವವಳು ಸೊಸೆ ಎಂಬುದನ್ನು ಅದು ಇಡೀ ರಾಜ್ಯಕ್ಕೆ ತೋರಿಸಿಕೊಟ್ಟಿತು. ಓದು ಮತ್ತು ವಿದೇಶವಾಸ ಇದನ್ನು ತಾನಾಗಿ ಸರಿಪಡಿಸುವುದಿಲ್ಲ. ಅಮೆರಿಕದಲ್ಲಿ ಗಂಡನ ಎಚ್-1ಬಿ ವೀಸಾವನ್ನು ಅವಲಂಬಿಸಿ ಎಚ್-4ರಲ್ಲಿ ಹೋದ ಎಂಜಿನಿಯರ್ ಹೆಣ್ಣುಮಕ್ಕಳಿಗೆ 2015ರವರೆಗೆ ಕೆಲಸ ಮಾಡುವ ಹಕ್ಕೇ ಇರಲಿಲ್ಲ. ಆಮೇಲೂ ಅದು ಕೆಲವರಿಗಷ್ಟೇ ಸಿಕ್ಕಿತು. ಅತ್ತೆಯಿಲ್ಲದ, ಅನುಕೂಲಗಳಿರುವ ಆ ಮನೆಗಳಲ್ಲೂ ಜನ, ಹಣ, ಓಡಾಟ ಒಟ್ಟಿಗೇ ಇಲ್ಲವಾಗಿದ್ದವು.

ಹಿಂದಿನವರು ಇದಕ್ಕಿಂತ ಹೆಚ್ಚು ಸಹಿಸಿದರು, ಅವರಿಗೇನೂ ಆಗಲಿಲ್ಲ ಎಂಬುದು ಹಿರಿಯರ ಬಾಯಲ್ಲಿ ಸದಾ ಇರುವ ಮಾತು. ಅವರಿಗೇನೂ ಆಗಲಿಲ್ಲವೆಂದು ಹೇಗೆ ಗೊತ್ತು? ಊರಿನ ಬಾವಿಗಳ, ಸೀಮೆಎಣ್ಣೆ ಸ್ಟವ್‌ಗಳ ‘ಆಕಸ್ಮಿಕ’ಗಳನ್ನು ಯಾರು ಎಣಿಸಿದರು? ಮೈಮೇಲೆ ಬಂದು ಕೂಗಾಡಿದಾಗ ಮಾತ್ರ ಮನೆಯವರೆಲ್ಲ ತಮ್ಮ ಮಾತು ಕೇಳುತ್ತಾರೆಂಬುದು ಎಷ್ಟೋ ಸೊಸೆಯಂದಿರ ಅನುಭವವಾಗಿತ್ತು. ಇನ್ನು ಅತ್ತೆಯರನ್ನೇ ಖಳರನ್ನಾಗಿಸುವುದೂ ನನಗೆ ಒಪ್ಪಿಗೆಯಿಲ್ಲ. ಆಕೆಯೂ ಇದೇ ದಾರಿಯಲ್ಲಿ ವಲಸೆ ಬಂದವಳು, 25 ವರ್ಷ ಕಾದು ಗಳಿಸಿದ ಸಣ್ಣ ಅಧಿಕಾರವನ್ನು ಹೊಸಬಳೊಬ್ಬಳು ಕಸಿದುಕೊಳ್ಳುವ ಭಯ ಆಕೆಗೆ ನಿಜವಾದ ಭಯ. ಮಗನ ಮೂಲಕವೇ ಬದುಕಿಗೆ ಭದ್ರತೆ ಪಡೆಯಬೇಕಾದ ಇಬ್ಬರು ಹೆಂಗಸರನ್ನು ಒಂದೇ ಅಡುಗೆಮನೆಯಲ್ಲಿ ಬಿಟ್ಟು, ಅವರ ಜಗಳವನ್ನು ಹೆಂಗಸರ ಸ್ವಭಾವ ಎನ್ನುವುದು ಗಂಡಸರಿಗೆ ತುಂಬ ಅನುಕೂಲದ ತತ್ತ್ವ.

ಮದುವೆಯನ್ನೇ ಔಷಧಿಯೆಂದು ಬಗೆಯುವ ರೂಢಿಯ ಬಗ್ಗೆಯೂ ಒಂದು ಮಾತು. ಮಗಳಿಗೆ ಮಾನಸಿಕ ಕಾಯಿಲೆಯಿದ್ದರೆ ಮುಚ್ಚಿಟ್ಟು ಮದುವೆ ಮಾಡುತ್ತಾರೆ, ಮಾತ್ರೆ ನಿಲ್ಲಿಸಿ ಕಳಿಸುತ್ತಾರೆ, ಕಾಯಿಲೆ ಮರುಕಳಿಸುತ್ತದೆ. ಚೆನ್ನೈನ ‘ಸ್ಕಾರ್ಫ್’ ಸಂಸ್ಥೆಯ ಆರ್. ತಾರಾ ಮತ್ತು ಸಹೋದ್ಯೋಗಿಗಳು ಸ್ಕಿಜೋಫ್ರೇನಿಯಾ ಇದ್ದು ಮದುವೆ ಮುರಿದ ಹೆಂಗಸರನ್ನು ಕುರಿತು 2003ರಲ್ಲಿ ಬರೆದದ್ದು ಈಗ ಓದಿದರೂ ಸಂಕಟವಾಗುತ್ತದೆ. ಹೆಚ್ಚಿನವರು ಕಾನೂನಿನ ವಿಚ್ಛೇದನವೂ ಇಲ್ಲದೆ, ಜೀವನಾಂಶವೂ ಇಲ್ಲದೆ, ವಯಸ್ಸಾದ ತಂದೆತಾಯಿಯ ಮನೆಯಲ್ಲಿ ಉಳಿದಿದ್ದರು.

ಹಾಗಾದರೆ ಇದಕ್ಕೆ ದಾರಿಯೇನು? ನನ್ನ ವಾದಕ್ಕೆ ಅತ್ಯಂತ ಬಲ ಕೊಡುವ ಸಾಕ್ಷ್ಯ ಮಾನಸಿಕ ಆರೋಗ್ಯದ ಯೋಜನೆಯಿಂದ ಬಂದದ್ದೇ ಅಲ್ಲ. ಜಾರ್ಖಂಡ್ ಮತ್ತು ಒಡಿಶಾದ ಆದಿವಾಸಿ ಪ್ರದೇಶಗಳಲ್ಲಿ ‘ಏಕ್‌ಜುಟ್’ ಎಂಬ ಸಂಸ್ಥೆ 2005ರಿಂದ 3 ವರ್ಷ ಒಂದು ಪ್ರಯೋಗ ನಡೆಸಿತು. ಹಳ್ಳಿಯ ಹೆಂಗಸರನ್ನು ತಿಂಗಳಿಗೊಮ್ಮೆ ಒಟ್ಟುಗೂಡಿಸಿ, ಬಸಿರು ಬಾಣಂತನದ ತೊಂದರೆಗಳೇನು, ಅದಕ್ಕೆ ನಾವೇ ಏನು ಮಾಡಬಹುದು ಎಂದು ಕತೆ, ಚಿತ್ರ, ಆಟಗಳ ಮೂಲಕ ಚರ್ಚಿಸುವುದು. ನಡೆಸಿಕೊಡುತ್ತಿದ್ದವಳು ವೈದ್ಯೆಯಲ್ಲ, ಅದೇ ಸೀಮೆಯ ಹೆಂಗಸು. ಮುಖ್ಯ ಗುರಿಗಳಲ್ಲೊಂದು ನವಜಾತ ಶಿಶುಗಳ ಸಾವನ್ನು ತಗ್ಗಿಸುವುದು. ಗುಂಪುಗಳಿದ್ದ ಕಡೆ ಅದು ಶೇ 32ರಷ್ಟು ಕಡಿಮೆಯಿತ್ತು. ಜೊತೆಗೆ 3ನೇ ವರ್ಷದಲ್ಲಿ ತಾಯಂದಿರ ಮಧ್ಯಮ ಮಟ್ಟದ ಖಿನ್ನತೆ ಶೇ 57ರಷ್ಟು ಕಡಿಮೆಯಾಗಿರುವುದು ಕಂಡಿತು. ಖಿನ್ನತೆಗೆಂದು ಅಲ್ಲಿ ಏನನ್ನೂ ಮಾಡಿರಲಿಲ್ಲ. ತಿಂಗಳಿಗೊಂದು ಸಲ ಮನೆಯಿಂದ ಹೊರಬಂದು ಇತರ ಹೆಂಗಸರ ನಡುವೆ ಕುಳಿತು, ತನ್ನ ಕಷ್ಟ ತನ್ನೊಬ್ಬಳದಲ್ಲ ಎಂದು ಕೇಳಿಸಿಕೊಂಡು, ಒಂದು ಕೆಲಸಕ್ಕೆ ಕೈಜೋಡಿಸಿದ್ದಷ್ಟೇ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು ಖಿನ್ನತೆಯಿದ್ದ ಬಸುರಿಯರ ಮನೆಗೆ ಕಳಿಸಿದಾಗ, ಹೆರಿಗೆಯಾಗಿ 6 ತಿಂಗಳ ಹೊತ್ತಿಗೆ ಖಿನ್ನತೆ ಉಳಿದದ್ದು ಶೇ 23 ಮಂದಿಯಲ್ಲಿ; ಆ ಬಗೆಯ ಮಾತುಕತೆ ಸಿಗದವರಲ್ಲಿ ಶೇ 53. 2008ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ಆಮೇಲೆ ಗೋವಾದಲ್ಲೂ ಹಲವು ರೀತಿಯಲ್ಲಿ ಪರೀಕ್ಷಿಸಲಾಯಿತು. ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವೈದ್ಯರಲ್ಲದ, ತರಬೇತಿ ಪಡೆದ ಆಪ್ತಸಲಹೆಗಾರರು 6ರಿಂದ 8 ಸಲ ಕೂತು ಮಾತಾಡಿದ್ದೇ ತೀವ್ರ ಖಿನ್ನತೆಗೂ ಫಲ ಕೊಟ್ಟಿತು.

ಇದರರ್ಥ ಮಾತ್ರೆ ಬೇಡ, ಮನೋವೈದ್ಯರು ಬೇಡ ಎಂದಲ್ಲ. ಹೆರಿಗೆಯ ನಂತರದ ತೀವ್ರ ಮಾನಸಿಕ ಕಾಯಿಲೆ ತಾಯಿ ಮಗು ಇಬ್ಬರ ಜೀವಕ್ಕೂ ಕುತ್ತು ತರಬಲ್ಲದು. ಅದಕ್ಕೆ ಆಸ್ಪತ್ರೆಯೇ ಬೇಕು. ತಾಯಿಯನ್ನೂ ಕೂಸನ್ನೂ ಅಗಲಿಸದೆ ಒಟ್ಟಿಗೆ ದಾಖಲಿಸಿಕೊಳ್ಳುವ ಘಟಕವನ್ನು ನಿಮ್ಹಾನ್ಸ್ 2009ರಲ್ಲೇ ಆರಂಭಿಸಿದೆ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳು ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಬದುಕು ಸಾಕೆನಿಸುವ ಹೊತ್ತಿನಲ್ಲಿ ಮೊದಲು ಒತ್ತಬೇಕಾದ ಸಂಖ್ಯೆ ಅದು. ಹಿಂಸೆಯಿದ್ದರೆ 181 ಇದೆ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಇದೆ. ಮಗುವಾಗಲಿಲ್ಲ, ಗಂಡು ಹೆರಲಿಲ್ಲ ಎಂದು ಹಂಗಿಸುವುದನ್ನೂ ಆ ಕಾಯ್ದೆ ದೌರ್ಜನ್ಯವೆಂದೇ ಎಣಿಸುತ್ತದೆ, ಮನೆಯಿಂದ ಹೊರಹಾಕದಂತೆ ವಾಸದ ಹಕ್ಕನ್ನೂ ಕೊಡುತ್ತದೆ. ನನ್ನ ತಕರಾರು ಇರುವುದು ಈ ಎಲ್ಲ ಬಾಗಿಲುಗಳಿಗೂ ಮುಂಚೆ ಸಿಗುವ ರಾಜಿ ಪಂಚಾಯಿತಿಯ ಬಗ್ಗೆ. ಹಿರಿಯರು ಕೂತು ಇಬ್ಬರಿಗೂ ಬುದ್ಧಿ ಹೇಳಿ ಕಳಿಸುತ್ತಾರೆ, ಆದರೆ ಅವಳ ಸ್ಥಾನದಲ್ಲಿ ಏನೊಂದೂ ಬದಲಾಗಿರುವುದಿಲ್ಲ. ತವರಿನವರು ಮದುವೆಗೆ ಖರ್ಚು ಮಾಡುವ ಲಕ್ಷಗಳಲ್ಲಿ ಒಂದಂಶವನ್ನು ಮಗಳ ಹೆಸರಿನ, ಅವಳೊಬ್ಬಳೇ ತೆಗೆಯಬಲ್ಲ ಖಾತೆಯಲ್ಲಿ ಇಡುವುದು, ಕೆಲಸ ಬಿಡಬೇಕೆಂಬ ಷರತ್ತಿಗೆ ಒಪ್ಪದಿರುವುದು, ವಾಪಸು ಬಂದರೆ ಒಂದು ಕೋಣೆ ಇದೆಯೆಂದು ಮದುವೆಗೆ ಮುಂಚೆಯೇ ಬಾಯಿಬಿಟ್ಟು ಹೇಳುವುದು, ಇವು ಯಾವ ಆಪ್ತಸಲಹೆಗಿಂತಲೂ ಕಡಿಮೆಯವಲ್ಲ.

ಸರ್ಕಾರಕ್ಕೂ ಹೊಸ ಇಲಾಖೆ ಬೇಕಿಲ್ಲ. ಕರ್ನಾಟಕದ ಸ್ತ್ರೀಶಕ್ತಿ ಸಂಘಗಳು ಊರೂರಲ್ಲಿವೆ. ಅತ್ತೆ ಸದಸ್ಯೆಯಾಗಿರುವ ಸಂಘದಲ್ಲಿ ಸೊಸೆ ಬಾಯಿಬಿಡುವುದಿಲ್ಲವಾದ್ದರಿಂದ, ಹೊಸದಾಗಿ ಊರಿಗೆ ಬಂದ ಸೊಸೆಯರದ್ದೇ ಬೇರೆ ಕೂಟ ನಡೆಸಬಹುದು. ಆಸ್ಪತ್ರೆಯಲ್ಲಿ ಹೆರಿಗೆಯಾದ ಮನೆಗೆ ಆಶಾ ಕಾರ್ಯಕರ್ತೆ 42 ದಿನಗಳೊಳಗೆ 6 ಸಲ ಹೋಗಬೇಕೆಂಬ ನಿಯಮ ಈಗಲೇ ಇದೆ. ಮಗುವಿನ ತೂಕ ನೋಡುತ್ತಾಳೆ, ಮೈಬಿಸಿ ನೋಡುತ್ತಾಳೆ, ಕಾರ್ಡಿನಲ್ಲಿ ಬರೆಯುತ್ತಾಳೆ. ಕಳೆದ 2 ವಾರಗಳಲ್ಲಿ ಮನಸ್ಸು ಕುಗ್ಗಿದಂತೆ, ದಾರಿಯೇ ಕಾಣದಂತೆ ಅನ್ನಿಸಿತ್ತೇ, ಮೊದಲು ಇಷ್ಟಪಡುತ್ತಿದ್ದ ಯಾವುದರಲ್ಲೂ ಆಸಕ್ತಿ ಇಲ್ಲವಾಗಿದೆಯೇ ಎಂಬ ಎರಡು ಪ್ರಶ್ನೆಗಳನ್ನು ತಾಯಿಗೂ ಕೇಳಲು 5 ನಿಮಿಷ ಸಾಕು. ಖಿನ್ನತೆಯನ್ನು ಮೊದಲ ಹಂತದಲ್ಲಿ ಗುರುತಿಸಲು ಜಗತ್ತಿನ ಅನೇಕ ಕಡೆ ಬಳಸುವ ಪ್ರಶ್ನೆಗಳೇ ಇವು. ಹೌದು ಎಂದವಳನ್ನು ತಾಲ್ಲೂಕು ಆಸ್ಪತ್ರೆಗೆ ಕಳಿಸುವ ವ್ಯವಸ್ಥೆ ಇರಬೇಕು, ಆಶಾಳಿಗೆ ಈ ಕೆಲಸಕ್ಕೆ ಬೇರೆ ಸಂಭಾವನೆ ಸಿಗಬೇಕು, ಮತ್ತು ಪ್ರಶ್ನೆ ಕೇಳುವಷ್ಟು ಹೊತ್ತು ಆ ಕೋಣೆಯಲ್ಲಿ ಅವರಿಬ್ಬರನ್ನು ಬಿಟ್ಟು ಮನೆಯವರು ಇನ್ನಾರೂ ಇರಬಾರದು.